ದುರ್ಬಲ ಕೈಯಲ್ಲಿ ಮೂರು ಸ್ಪೇಡ್: ಐನೂರು ಕೊಟ್ಟದ್ದು ನಷ್ಟವೇ?

ಪ್ರಶ್ನೆ: ಕೋಡಿಬಾಗ, ಕಾರವಾರ

ಬ್ರಿಜ್ ಎಂಬ ಇಸ್ಪೀಟು ಆಡುವ ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರದ ಒಂದು ಬೋರ್ಡಿನ (ಒಮ್ಮೆ ಹಂಚಿದ ನಾಲ್ಕು ಕೈಗಳ) ಮೇಲೆ ನಮ್ಮಲ್ಲಿ ಇನ್ನೂ ವಾದ ನಡೆಯುತ್ತಲೇ ಇದೆ. ಹೊರಗಿನವರು ನೋಡಿ ಹೇಳಲಿ ಎಂದು ಇಲ್ಲಿ ಇಡುತ್ತಿದ್ದೇನೆ.

ಕೋಡಿಬಾಗದ ಒಂದು ಮನೆಯ ಮಾಳಿಗೆಯಲ್ಲಿ ಮೂರು ಟೇಬಲ್ ಹಾಕಿ ಆಡುತ್ತೇವೆ. ಆಡಿದ ಎಲೆಗಳನ್ನು ಹಾಗೆಯೇ ಬೋರ್ಡಿಗೆ ಸೇರಿಸಿ ಮುಂದಿನ ಟೇಬಲಿಗೆ ದಾಟಿಸುವುದರಿಂದ, ಅದೇ ಎಲೆಗಳಲ್ಲಿ ಉಳಿದವರು ಏನು ಮಾಡಿದರು ಎಂಬುದು ಆಟ ಮುಗಿದಾಗ ಗೊತ್ತಾಗುತ್ತದೆ. ನನ್ನ ಪಾರ್ಟ್ನರ್ ನನ್ನ ಮಾವನವರ ಗೆಳೆಯರು, ನಿವೃತ್ತ ಎಂಜಿನಿಯರ್. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ಅವರು ಬ್ರಿಜ್ ಕಲಿತದ್ದು ಹಳೆಯ ಪದ್ಧತಿಯಲ್ಲಿ. ಅವರ ಲೆಕ್ಕದಲ್ಲಿ ಎರಡರ ಮಟ್ಟದ ಓಪನಿಂಗ್ (ಹರಾಜು ತೆರೆಯುವ ಬಿಡ್) ಎಂದರೆ ಬಹಳ ಬಲವಾದ ಕೈ, ಮೂರರದ್ದೆಂದರೆ ಏಳು ಖಚಿತ ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತಿನ ಗೆಲುವು). ನಾನು ಕಲಿತದ್ದು 2020ರ ಲಾಕ್‌ಡೌನಿನಲ್ಲಿ, ಬ್ರಿಜ್ ಬೇಸ್ ಆನ್‌ಲೈನಿನಲ್ಲಿ. ಅಲ್ಲಿ ಎಲ್ಲರೂ ದುರ್ಬಲ ಕೈಯಲ್ಲೇ ಎರಡು, ಮೂರು ಎಂದು ಕೂಗುತ್ತಾರೆ.

ದಕ್ಷಿಣದಲ್ಲಿ ಕುಳಿತ ನನ್ನದೇ ಮೊದಲ ಬಿಡ್. ನಾವು ವಲ್ನರಬಲ್ (ಗೆಲುವಿನ ಅಂಕವೂ ಸೋಲಿನ ದಂಡವೂ ಹೆಚ್ಚಾಗುವ ಸ್ಥಿತಿ) ಅಲ್ಲ, ಎದುರಾಳಿಗಳು ವಲ್ನರಬಲ್. ನಾಲ್ಕೂ ಕೈಗಳು ಹೀಗಿದ್ದವು:

ದಕ್ಷಿಣ (ನಾನು): ಸ್ಪೇಡ್ ರಾಜ, ರಾಣಿ, ಗುಲಾಮ, 9, 7, 5, 3, ಹಾರ್ಟ್ 4, ಡೈಮಂಡ್ 8, 6, 2, ಕ್ಲಬ್ 7, 3.

ಪಶ್ಚಿಮ: ಸ್ಪೇಡ್ 8, 6, ಹಾರ್ಟ್ ಎಕ್ಕ, 10, 8, 5, 3, ಡೈಮಂಡ್ ಎಕ್ಕ, ರಾಜ, 5, ಕ್ಲಬ್ ರಾಜ, ಗುಲಾಮ, 9.

ಉತ್ತರ (ಕಾಕಾ): ಸ್ಪೇಡ್ 2, ಹಾರ್ಟ್ ರಾಣಿ, ಗುಲಾಮ, 9, 7, ಡೈಮಂಡ್ 10, 7, 4, 3, ಕ್ಲಬ್ ರಾಣಿ, 10, 5, 4.

ಪೂರ್ವ: ಸ್ಪೇಡ್ ಎಕ್ಕ, 10, 4, ಹಾರ್ಟ್ ರಾಜ, 6, 2, ಡೈಮಂಡ್ ರಾಣಿ, ಗುಲಾಮ, 9, ಕ್ಲಬ್ ಎಕ್ಕ, 8, 6, 2.

ನಾನು ಮೂರು ಸ್ಪೇಡ್ ಎಂದೆ, ಅಂದರೆ ಸ್ಪೇಡ್ ತುರುಫಾಗಿ ಆರರ ಮೇಲೆ ಮೂರು, ಒಂಬತ್ತು ಟ್ರಿಕ್ ಗೆಲ್ಲುತ್ತೇವೆ ಎಂದು. ಪಶ್ಚಿಮದವರು ಡಬಲ್ (ಹಾಗೇ ಉಳಿದರೆ ದಂಡ ಹೆಚ್ಚಿಸುವ ಕೂಗು) ಎಂದರು, ಕಾಕಾ ಪಾಸ್. ಪೂರ್ವದವರು ಬಹಳ ಹೊತ್ತು ಯೋಚಿಸಿ ಪಾಸ್ ಮಾಡಿದರು. ಆರು ಟ್ರಿಕ್ ಬಂತು, ಮೂರು ಕಡಿಮೆ, ಐನೂರು ಅಂಕ ಅವರಿಗೆ.

ಉಳಿದ ಎರಡು ಟೇಬಲ್‌ಗಳಲ್ಲಿ ಒಂದು ಕಡೆ ದಕ್ಷಿಣದವರು ಎರಡು ಸ್ಪೇಡ್ ಎಂದಿದ್ದರು, ಇನ್ನೊಂದು ಕಡೆ ಪಾಸ್ ಮಾಡಿದ್ದರು. ಎರಡೂ ಕಡೆ ಪಶ್ಚಿಮದವರು ಗೇಮಿಗೆ (ದೊಡ್ಡ ಬೋನಸ್ ಅಂಕ ತರುವ ಮಟ್ಟ), ಅಂದರೆ ನಾಲ್ಕು ಹಾರ್ಟ್‌ಗೆ ಹೋಗಿ ಒಂದು ಟ್ರಿಕ್ ಕಡಿಮೆಯಾಗಿ ಬಿದ್ದರು. ಅಲ್ಲಿನ ಉತ್ತರ-ದಕ್ಷಿಣದವರಿಗೆ ನೂರು ಬಂದರೆ ನಮ್ಮಿಂದ ಐನೂರು ಹೋಯಿತು. ಬೋರ್ಡಿನಲ್ಲಿ ನಮ್ಮದೇ ಕೊನೆಯ ಸ್ಥಾನ.

ಕಾಕಾ ಹೇಳಿದ್ದು: "ಅವರಿಗೆ ಗೇಮೇ ಇಲ್ಲದ ಎಲೆಗಳಲ್ಲಿ ನೀನು ಐನೂರು ದಾನ ಮಾಡಿದೆ." ನಾಳೆ ಅವೇ ಎಲೆಗಳು ಬಂದರೂ ನಾನು ಮೂರು ಸ್ಪೇಡ್ ಎಂದೇ ಕೂಗುತ್ತೇನೆ. ಆದರೆ ನನ್ನ ನಂಬಿಕೆಗೆ ಆಧಾರವಾಗಿ ಕೊಡಬಲ್ಲ ಲೆಕ್ಕ ನನ್ನ ಬಳಿ ಪೂರ್ತಿಯಾಗಿಲ್ಲ. ಇಂಥ ಬಿಡ್‌ನ ಅಪಾಯ ಎಷ್ಟು, ಲಾಭ ಎಷ್ಟು ಎಂದು ಅಳೆಯುವುದು ಹೇಗೆ? ಪಾರ್ಟ್ನರ್ ಆದವರು ಆಗ ಏನು ಮಾಡಬೇಕು?


ಉತ್ತರ: ಬನವಾಸಿ ರಸ್ತೆ, ಶಿರಸಿ

ತಂಗಿ, ನಾಲ್ಕೂ ಕೈಗಳನ್ನು ಬರೆದು ಕೇಳಿದ್ದೀರಿ, ಅದಕ್ಕೆ ಮೊದಲು ಧನ್ಯವಾದ. ಬ್ರಿಜ್ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಕೈ ಒಂದನ್ನೇ ಹೇಳಿ ತೀರ್ಪು ಬೇಡುತ್ತಾರೆ.

ಫಲಿತಾಂಶ ನೋಡಿ ಪಾರ್ಟ್ನರನ್ನು ಬೈಯುವುದು ನನಗೆ ಸಹಿಸಲಾಗದ ವಿಷಯ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಕಾಕಾ ಅವರ ಮಾತಿನಿಂದಲೇ ಪ್ರಾರಂಭಿಸೋಣ. ಅವರಿಗೆ ಗೇಮ್ ಇಲ್ಲ ಎಂದರಲ್ಲ, ಪೂರ್ವದವರು ಮೂರು ನೋ ಟ್ರಂಪ್ (ತುರುಫಿಲ್ಲದೆ ಒಂಬತ್ತು ಟ್ರಿಕ್) ಆಡಿದರೆ ಏನಾಗುತ್ತದೆ ನೋಡಿ. ನೀವು ಸ್ಪೇಡ್ ರಾಜ ಹಾಕುತ್ತೀರಿ. ಅವರು ಎಕ್ಕದಿಂದ ಹಿಡಿಯುತ್ತಾರೆ. ಆಮೇಲೆ ನಿಮ್ಮ ಉಳಿದ ಸ್ಪೇಡ್‌ಗಳೆಲ್ಲ ಸತ್ತಂತೆ, ಏಕೆಂದರೆ ಬೇರೆ ಯಾವ ಸೂಟಿನಲ್ಲೂ ನಿಮ್ಮ ಕೈಗೆ ಪ್ರವೇಶವಿಲ್ಲ. ಡೈಮಂಡ್‌ನಲ್ಲಿ ಮೂರು, ಕ್ಲಬ್‌ನಲ್ಲಿ ಎಕ್ಕ ಮತ್ತು ರಾಜ, ಹಾರ್ಟ್‌ನಲ್ಲಿ ಎಕ್ಕ ಮತ್ತು ರಾಜ, ಸ್ಪೇಡ್ ಎಕ್ಕ ಸೇರಿ ಎಂಟು. ಕಾಕಾ ಅವರಿಗೆ ಹಾರ್ಟ್‌ನ ಎರಡು ಟ್ರಿಕ್ ಬಿಟ್ಟುಕೊಟ್ಟರೆ ಪಶ್ಚಿಮದ ಐದನೆಯ ಹಾರ್ಟ್ ಗೆಲ್ಲುತ್ತದೆ. ಕಾಕಾ ಅವರ ಕೈಯಲ್ಲಿ ಮರಳಿ ಆಡಲು ಸ್ಪೇಡ್ ಉಳಿದಿಲ್ಲ. ಒಂಬತ್ತು ಟ್ರಿಕ್, ವಲ್ನರಬಲ್ ಗೇಮ್, 600 ಅಂಕ. ನೀವು ಕೊಟ್ಟದ್ದು 500.

ಇನ್ನು ನಾಲ್ಕು ಹಾರ್ಟ್. ಅದು ಆ ಎರಡು ಟೇಬಲ್‌ಗಳಲ್ಲಿ ಬಿದ್ದದ್ದಕ್ಕೆ ಮುಖ್ಯ ಕಾರಣ, ಹೊರಗಿದ್ದ ಐದು ಹಾರ್ಟ್‌ಗಳಲ್ಲಿ ನಾಲ್ಕು ಕಾಕಾ ಅವರಲ್ಲೇ ಕೂಡಿದ್ದು. ಐದು ಎಲೆಗಳು ಎರಡು ಕೈಗಳಲ್ಲಿ ಮೂರು-ಎರಡಾಗಿ ಹಂಚಿಕೊಳ್ಳುವುದು ನೂರಕ್ಕೆ 68 ಸಲ, ನಾಲ್ಕು-ಒಂದಾಗುವುದು 28 ಸಲ. ಮೂರು-ಎರಡಾಗಿದ್ದರೆ ಹಾರ್ಟ್‌ನಲ್ಲಿ ಒಂದೇ ಟ್ರಿಕ್ ಹೋಗಿ ಗೇಮ್ ಆಗುತ್ತಿತ್ತು, 620. ನೀವು ಬಿಡ್ ಮಾಡಿದಾಗ ಕಾಕಾ ಅವರ ಕೈಯಲ್ಲಿ ಎಷ್ಟು ಹಾರ್ಟ್ ಇವೆ ಎಂದು ತಿಳಿಯುವ ದಾರಿ ನಿಮಗಿರಲಿಲ್ಲ. ನಾಲ್ಕೂ ಕೈ ಬಿಚ್ಚಿಟ್ಟು ನೋಡುವಾಗ ತಿಳಿದದ್ದನ್ನು, ಹದಿಮೂರು ಎಲೆ ಹಿಡಿದು ಕುಳಿತವರ ತಲೆಗೆ ಕಟ್ಟಬಾರದು.

ಈಗ ಅಪಾಯದ ಲೆಕ್ಕ. ವಲ್ನರಬಲ್ ಅಲ್ಲದಾಗ ಡಬಲ್ ಆಗಿ ಒಂದು ಟ್ರಿಕ್ ಕಡಿಮೆಯಾದರೆ 100, ಎರಡಾದರೆ 300, ಮೂರಾದರೆ 500, ನಾಲ್ಕಾದರೆ 800. ವಲ್ನರಬಲ್ ಆಗಿದ್ದರೆ 200, 500, 800, 1100. ಎದುರಾಳಿಗಳ ಗೇಮ್ ಬೆಲೆ, ಸ್ಪೇಡ್ ಅಥವಾ ಹಾರ್ಟ್ ಎಂದಿಟ್ಟುಕೊಂಡರೆ, ವಲ್ನರಬಲ್ ಆಗಿದ್ದಾಗ 620, ಇಲ್ಲದಾಗ 420. ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡರೆ ಅರ್ಧ ವಾದ ಮುಗಿಯುತ್ತದೆ. ನಿಮ್ಮದು ಅತ್ಯಂತ ಅನುಕೂಲದ ಸ್ಥಿತಿ. ಮೂರು ಟ್ರಿಕ್ ಕಡಿಮೆಯಾದರೂ 500, ಅವರ ಗೇಮಿಗಿಂತ ಅಗ್ಗ. ಇದೇ ಕೈಯನ್ನು ಮಗುಚಿ, ನೀವು ವಲ್ನರಬಲ್, ಅವರು ಅಲ್ಲ ಎಂದುಕೊಳ್ಳಿ. ಅವರ 420ನ್ನು ತಪ್ಪಿಸಲು ಹೋಗಿ 800 ಕೊಟ್ಟಂತಾಗುತ್ತದೆ. ಆ ಸ್ಥಿತಿಯಲ್ಲಿ ಇದೇ ಕೈಗೆ ನಾನು ಎರಡು ಸ್ಪೇಡ್ ಎಂದು ನಿಲ್ಲಿಸುತ್ತಿದ್ದೆ. ಎಲೆಗಳು ಬದಲಾಗಿಲ್ಲ, ಬೆಲೆ ಬದಲಾಗಿದೆ. ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಪನಾಮಾ ಕಾಲುವೆಯ ದಾರಿಯ ಹಡಗಿನಲ್ಲಿ ಈಗಿನ ಕಾಂಟ್ರಾಕ್ಟ್ ಬ್ರಿಜ್‌ನ ಅಂಕಗಳನ್ನು ರೂಪಿಸುವಾಗ ವಲ್ನರಬಲ್ ಎಂಬ ಅಂಶವನ್ನು ಸೇರಿಸಿದರು. ನನ್ನ ದೃಷ್ಟಿಯಲ್ಲಿ ಈ ಆಟಕ್ಕೆ ಪ್ರಾಣ ಬಂದದ್ದು ಅಲ್ಲಿಂದ. ಈಲೈ ಕಲ್ಬರ್ಟ್‌ಸನ್ ಹೇಳಿಕೊಟ್ಟ ಎರಡು-ಮೂರರ ನಿಯಮವೂ ಇದರ ಮೇಲೆಯೇ ನಿಂತಿದೆ. ನಿಮ್ಮ ಕೈಯಲ್ಲೇ ಕಾಣುವ ಟ್ರಿಕ್‌ಗಳಿಗಿಂತ ವಲ್ನರಬಲ್ ಆಗಿದ್ದರೆ ಎರಡು, ಇಲ್ಲದಿದ್ದರೆ ಮೂರು ಹೆಚ್ಚು ಕೂಗಬಹುದು ಎಂಬುದು ಆ ನಿಯಮ. ನಿಮ್ಮ ಕೈಯಲ್ಲಿ ಸ್ಪೇಡ್‌ನ ಆರು ಟ್ರಿಕ್, ಮೇಲೆ ಮೂರು, ಒಟ್ಟು ಒಂಬತ್ತು. ಅದು ಮೂರು ಸ್ಪೇಡ್‌ಗೆ ಸರಿಯಾಗಿ ಕೂಡುತ್ತದೆ.

ಲಾಭದ ವಿಷಯಕ್ಕೆ ಬಂದರೆ, ಅದು ಅಂಕಪಟ್ಟಿಯಲ್ಲಿ ಕಾಣಿಸುವುದಕ್ಕಿಂತ ಹೆಚ್ಚು. ಒಂದು ಕ್ಲಬ್‌ನಿಂದ ಏಳು ನೋ ಟ್ರಂಪ್‌ವರೆಗೆ ಒಟ್ಟು 35 ಬಿಡ್‌ಗಳಿವೆ. ಮೂರು ಸ್ಪೇಡ್ ಎಂದ ಕ್ಷಣ ಅವುಗಳಲ್ಲಿ 14 ಅವರ ಕೈತಪ್ಪಿದವು. ಪಶ್ಚಿಮದವರಿಗೆ 15 ಪಾಯಿಂಟ್ (ಎಕ್ಕ, ರಾಜ, ರಾಣಿ, ಗುಲಾಮಗಳ ಬಲದ ಎಣಿಕೆ), ಪೂರ್ವದವರಿಗೆ 14. ಸ್ಪೇಡ್ ಯಾರೂ ಕೂಗದಿದ್ದರೆ ಒಂದು ಹಾರ್ಟ್ ಎಂದು ಹೊರಟು, ಒಬ್ಬರಿಗೊಬ್ಬರು ಕೈ ವಿವರಿಸಿಕೊಂಡು, ಯಾವ ಗೇಮ್ ಒಳ್ಳೆಯದು ಎಂದು ಸಾವಕಾಶವಾಗಿ ತೀರ್ಮಾನಿಸುತ್ತಿದ್ದರು. ನೀವು ಆ ಸಾವಕಾಶವನ್ನು ಕಿತ್ತುಕೊಂಡಿರಿ. ಪೂರ್ವದವರು ಬಹಳ ಹೊತ್ತು ಯೋಚಿಸಿದರು ಎಂದು ನೀವೇ ಬರೆದಿದ್ದೀರಿ. ಅವರ ಮುಂದೆ ಮೂರು ನೋ ಟ್ರಂಪ್ ಇತ್ತು, ನಾಲ್ಕು ಹಾರ್ಟ್ ಇತ್ತು, ಪಾಸ್ ಇತ್ತು. ಅವರು ಊಹಿಸಿದರು. ಎದುರಾಳಿಗಳನ್ನು ಲೆಕ್ಕದಿಂದ ಊಹೆಗೆ ಇಳಿಸಿದರೆ ಪ್ರಿಎಂಪ್ಟ್ (ದಾರಿ ಕಟ್ಟಲು ದುರ್ಬಲ ಕೈಯಲ್ಲಿ ಎತ್ತರಕ್ಕೆ ಕೂಗುವ ಬಿಡ್) ತನ್ನ ಕೆಲಸ ಮಾಡಿದೆ ಎಂದರ್ಥ. ಅವರ ಊಹೆ ಒಂದು ಸಲ ಫಲಿಸಿತು ಎಂದು ಬಿಡ್ ಕೆಟ್ಟದ್ದಾಗುವುದಿಲ್ಲ.

ಹಾಗಂತ ಏಳು ಎಲೆ ಕಂಡಾಗಲೆಲ್ಲ ಕೂಗಿ ಎನ್ನುತ್ತಿಲ್ಲ. ನಿಮ್ಮ ಸೂಟಿನಲ್ಲಿ ರಾಜ, ರಾಣಿ, ಗುಲಾಮ, ಒಂಬತ್ತು ಒಟ್ಟಿಗೆ ಇದ್ದವು, ಪಾರ್ಟ್ನರಿಂದ ಏನೂ ಸಿಗದಿದ್ದರೂ ಆರು ಟ್ರಿಕ್ ಬರುತ್ತದೆ. ಅದೇ ಸ್ಪೇಡ್ ಗುಲಾಮ, 8, 7, 6, 4, 3, 2 ಆಗಿದ್ದು ಡೈಮಂಡ್ ಎಕ್ಕ ಮತ್ತು ಕ್ಲಬ್ ರಾಣಿ ಹೊರಗಿದ್ದರೆ, ಪಾಯಿಂಟ್ ಒಂದು ಹೆಚ್ಚಾದರೂ ನಾನು ಬಾಯಿ ಬಿಡುವುದಿಲ್ಲ. ಅಲ್ಲಿ ತುರುಫು ಸೋರಿಹೋಗುತ್ತದೆ, ಮೇಲಾಗಿ ಹೊರಗಿನ ಎಕ್ಕ ಎದುರಾಳಿಗಳ ಕಾಂಟ್ರಾಕ್ಟ್ (ಹರಾಜು ನಿಂತ ಕೊನೆಯ ಬಿಡ್) ಬೀಳಿಸಲು ಬೇಕಾದ ಎಲೆ. ಅದನ್ನು ಬಚ್ಚಿಟ್ಟುಕೊಂಡು ಪ್ರಿಎಂಪ್ಟ್ ಮಾಡಿದರೆ ಪಾರ್ಟ್ನರ್ ನಮ್ಮಲ್ಲಿ ರಕ್ಷಣೆಯೇ ಇಲ್ಲ ಎಂದು ತಿಳಿದು ಅನಗತ್ಯವಾಗಿ ಐದರ ಮಟ್ಟಕ್ಕೆ ಹೋಗುತ್ತಾರೆ.

ಕುಳಿತ ಜಾಗವೂ ಮುಖ್ಯ. ಮೊದಲ ಸೀಟಿನಲ್ಲಿ ನಿಮ್ಮ ಹಿಂದೆ ಇಬ್ಬರು ಎದುರಾಳಿಗಳು, ಒಬ್ಬರೇ ಪಾರ್ಟ್ನರ್. ಯಾರ ದಾರಿ ಕಟ್ಟಿಹೋಗಬಹುದು ಎಂಬ ಪ್ರಮಾಣ ನಿಮಗೆ ಅನುಕೂಲವಾಗಿದೆ. ಎರಡನೇ ಸೀಟಿನಲ್ಲಿ ಒಬ್ಬ ಎದುರಾಳಿ ಆಗಲೇ ಪಾಸ್ ಆಗಿರುತ್ತಾರೆ, ಉಳಿದವರು ಒಬ್ಬ ಎದುರಾಳಿ, ಒಬ್ಬ ಪಾರ್ಟ್ನರ್. ಬಲವಾದ ಕೈ ಪಾರ್ಟ್ನರಲ್ಲೇ ಇದ್ದು ನೀವು ಅವರ ದಾರಿಗೆ ಅಡ್ಡ ಬರುವ ಸಂಭವ ಹೆಚ್ಚು, ಆದ್ದರಿಂದ ಅಲ್ಲಿ ಶುದ್ಧವಾದ ಕೈಯೇ ಬೇಕು. ಮೂರನೇ ಸೀಟಿನಲ್ಲಿ ಪಾರ್ಟ್ನರ್ ಪಾಸ್ ಮಾಡಿಯಾಗಿದೆ, ಕೈ ಬಿಚ್ಚಿ ಕೂಗಬಹುದು. ನಾಲ್ಕನೆಯದರಲ್ಲಿ ಮೂವರೂ ಪಾಸ್ ಆಗಿರುವಾಗ ಯಾರನ್ನು ತಡೆಯಬೇಕು? ಅಲ್ಲಿ ಮೂರರ ಬಿಡ್ ಎಂದರೆ ಆಡಿ ಗೆಲ್ಲುತ್ತೇನೆ ಎಂದು.

ಪಾರ್ಟ್ನರ್ ಏನು ಮಾಡಬೇಕು ಎಂದು ಕೇಳಿದಿರಿ. ಕಾಕಾ ಅವರು ಮಾಡಿದ್ದು ಸರಿ: ಒಂದೇ ಸ್ಪೇಡ್, ಐದು ಪಾಯಿಂಟ್, ಪಾಸ್. ಡಬಲ್ ಬಂತೆಂದು ಹೆದರಿ ಬೇರೆ ಸೂಟಿಗೆ ಓಡಿದ್ದರೆ ಐನೂರು ಎಂಟುನೂರಾಗುತ್ತಿತ್ತೇನೋ. ಅವರ ಕೈಯಲ್ಲಿ ಮೂರು ಸ್ಪೇಡ್ ಇದ್ದಿದ್ದರೆ ಅಲ್ಲಿಯೇ, ಯೋಚಿಸುತ್ತ ಕೂರದೆ, ನಾಲ್ಕು ಸ್ಪೇಡ್ ಎನ್ನಬೇಕಿತ್ತು. ನಿಮ್ಮ ಏಳು, ಅವರ ಮೂರು ಸೇರಿ ಹತ್ತು ತುರುಫು, ಹತ್ತು ಟ್ರಿಕ್‌ನ ಮಟ್ಟ. ಫ್ರಾನ್ಸಿನ ಜಾನ್-ರೆನೆ ವೆರ್ನ್ 1969ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟ ಒಟ್ಟು ಟ್ರಿಕ್‌ಗಳ ನಿಯಮದ ಸಾರ ಇದೇ. ಪ್ರಿಎಂಪ್ಟ್‌ಗೆ ಎದುರಾಗಿ ಕುಳಿತಾಗ ಪಾಯಿಂಟ್ ಎಣಿಸುವುದನ್ನು ಬಿಟ್ಟು ತುರುಫು, ಎಕ್ಕ, ರಾಜಗಳನ್ನು ಎಣಿಸಬೇಕು.

ನಿಮ್ಮದೊಂದು ಕರ್ತವ್ಯವೂ ಇದೆ. ಮೂರು ಸ್ಪೇಡ್ ಎಂದ ಮೇಲೆ ನಿಮ್ಮ ಮಾತು ಮುಗಿಯಿತು. ಅವರು ನಾಲ್ಕು ಹಾರ್ಟ್ ಎಂದರೆ ನೀವು ನಾಲ್ಕು ಸ್ಪೇಡ್ ಎನ್ನುವಂತಿಲ್ಲ. ಮುಂದಿನ ತೀರ್ಮಾನ ಪೂರ್ತಿ ಪಾರ್ಟ್ನರದು.


ಉತ್ತರ: ಅಘನಾಶಿನಿ, ಕುಮಟಾ

ಶಿರಸಿಯ ಹಿರಿಯರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನಾನು ಕಾಕಾ ಅವರ ಪರವಾಗಿ ಎರಡು ಮಾತು ಹೇಳುತ್ತೇನೆ.

ನಾವು ಕುಮಟಾದಲ್ಲಿ ನಾಲ್ಕು ಜನರ ತಂಡ ಮಾಡಿಕೊಂಡು ಇಂಪ್ ಲೆಕ್ಕದಲ್ಲಿ (ಎರಡು ಟೇಬಲ್ ನಡುವಿನ ಅಂಕದ ಅಂತರವನ್ನು ಸಣ್ಣ ಅಂಕಗಳಾಗಿ ಬದಲಿಸುವ ಪದ್ಧತಿ) ಆಡುತ್ತೇವೆ. ಅದೇ ಬೋರ್ಡನ್ನು ಇಂಪ್‌ಗೆ ಪರಿವರ್ತಿಸಿ ನೋಡಿ. ಇನ್ನೊಂದು ಟೇಬಲಿನಲ್ಲಿ ಅವರು 620 ಮಾಡಿದ್ದರೆ, 500 ಕೊಟ್ಟವರಿಗೆ 120 ಅಂಕದ ಲಾಭ, ಅಂದರೆ 3 ಇಂಪ್. ಗೇಮ್ ಬಿದ್ದು ನೂರು ಬಂದಿದ್ದರೆ 600 ಅಂಕದ ನಷ್ಟ, 12 ಇಂಪ್. ಮೂರು ಗಳಿಸಲು ಹನ್ನೆರಡನ್ನು ಒಡ್ಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಎದುರಾಳಿಗಳು ಯಾರು ಎಂಬುದು. ನಮ್ಮ ಊರುಗಳ ಆಟದಲ್ಲಿ ಬಿಡ್ಡಿಂಗ್ ಎಲ್ಲರಿಗೂ ಗಟ್ಟಿಯಾಗಿಲ್ಲ. ಅಡ್ಡಿಪಡಿಸದೆ ಬಿಟ್ಟರೂ ಅವರು ಎಷ್ಟೋ ಸಲ ತಪ್ಪು ಗೇಮಿಗೆ ಹೋಗುತ್ತಾರೆ. ಈ ಬೋರ್ಡಿನಲ್ಲೇ ನೋಡಿ, ದಕ್ಷಿಣದವರು ಪಾಸ್ ಮಾಡಿದ ಟೇಬಲಿನಲ್ಲೂ ಮೂರು ನೋ ಟ್ರಂಪ್ ಬಿಟ್ಟು ನಾಲ್ಕು ಹಾರ್ಟ್‌ಗೆ ಹೋಗಿ ಬಿದ್ದರು. ತಾವಾಗಿ ಜಾರುವವರನ್ನು ತಳ್ಳಲು ಐನೂರು ಖರ್ಚು ಮಾಡಬೇಕೇ? ಪ್ರಿಎಂಪ್ಟ್‌ನ ಪೂರ್ತಿ ಬೆಲೆ ಸಿಗುವುದು ಚೆನ್ನಾಗಿ ಬಿಡ್ ಮಾಡಬಲ್ಲವರ ಎದುರಿಗೆ.

2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಜೋಡಿ ಚಿನ್ನ ಗೆದ್ದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಸ್ಪೀಟು ಎಂದರೆ ಮುಖ ಸಿಂಡರಿಸುತ್ತಿದ್ದ ನಮ್ಮ ಮನೆಯ ಹಿರಿಯರೂ ಅಂದು ಪತ್ರಿಕೆ ಓದಿ ಹೇಳಿದರು. ಅದರ ನಂತರ ಕಲಿಯಲು ಬಂದ ಹುಡುಗರು ದೊಡ್ಡ ಪಂದ್ಯಗಳ ಧೈರ್ಯದ ಬಿಡ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ಹಾಗೆಯೇ ಕೂಗುತ್ತಾರೆ. ಅಂಥ ಜೋಡಿಗಳ ಹಿಂದೆ ವರ್ಷಗಟ್ಟಲೆ ಒಟ್ಟಿಗೆ ಆಡಿದ ಒಪ್ಪಂದಗಳಿರುತ್ತವೆ. ಈ ತಂಗಿಯ ಕೈ ಮೂರು ಸ್ಪೇಡ್‌ಗೆ ತಕ್ಕದ್ದೇ, ಅದನ್ನು ಒಪ್ಪುತ್ತೇನೆ. ಆದರೆ ಕಾಕಾ ಅವರಿಗೆ ಆ ಬಿಡ್ ಏಳು ಖಚಿತ ಟ್ರಿಕ್ ಎಂದು ಅರ್ಥವಾಗುತ್ತದೆ ಎಂದು ಗೊತ್ತಿದ್ದೂ ಕೂಗಿದರೆ, ಮುಂದೊಂದು ದಿನ ಅವರು ಎರಡು ಎಕ್ಕ ಇಟ್ಟುಕೊಂಡು ಗೇಮಿಗೆ ಏರಿಸಿಬಿಡುತ್ತಾರೆ. ಆ ನಷ್ಟ ಅಂಕಪಟ್ಟಿಯಲ್ಲಿ ನಿಲ್ಲುವುದಿಲ್ಲ, ಜೋಡಿಯ ನಡುವೆ ಉಳಿದುಬಿಡುತ್ತದೆ.


ಉತ್ತರ: ಬನವಾಸಿ ರಸ್ತೆ, ಶಿರಸಿ

ಒಪ್ಪಂದ ಬೇಕೆಂಬ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಇಂಪ್ ಲೆಕ್ಕಕ್ಕೆ ಮಾತ್ರ ಉತ್ತರ ಕೊಡಲೇಬೇಕು.

3 ಮತ್ತು 12 ಎಂದು ನೀವು ತೂಗಿದ್ದು, ಡಬಲ್ ಆಗಿ ಮೂರು ಕಡಿಮೆಯಾದ ಪ್ರಸಂಗವನ್ನು ಮಾತ್ರ. ಮೂರರ ಮಟ್ಟದ ಬಿಡ್‌ಗೆ ಹತ್ತಿರದ ಎದುರಾಳಿ ಹಾಕುವ ಡಬಲ್ ಸಾಮಾನ್ಯವಾಗಿ "ನಿಮ್ಮ ಸೂಟ್ ಹೇಳಿ" ಎಂದು ಪಾರ್ಟ್ನರನ್ನು ಕೇಳುವ ಡಬಲ್. ಅದನ್ನು ಪಾಸ್ ಮಾಡಿ ದಂಡವಾಗಿಸಲು ಹಿಂದಿನವರಲ್ಲಿ ತುರುಫು ಇರಬೇಕು. ಹೆಚ್ಚಿನ ಸಲ ಅದು ಆಗುವುದಿಲ್ಲ, ಅವರು ನಾಲ್ಕರ ಮಟ್ಟಕ್ಕೆ ಹೋಗುತ್ತಾರೆ, ನಾವು ಎಲೆ ಹಾಕುತ್ತ ಕೂರುತ್ತೇವೆ.

ಇನ್ನೊಂದು ಬದಿಯ ಉದಾಹರಣೆ ನನ್ನಲ್ಲಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ, ಕರೆಂಟ್ ಹೋಗಿ ಎಮರ್ಜೆನ್ಸಿ ದೀಪ ಇಟ್ಟುಕೊಂಡು ತಂಡದ ಆಟ ನಡೆದಿತ್ತು. ಪಾರ್ಟ್ನರ್ ಪಾಸ್, ಎದುರಾಳಿ ಪಾಸ್, ನಾನು ಮೂರನೇ ಸೀಟಿನಲ್ಲಿ. ಡೈಮಂಡ್ ರಾಜ, ಗುಲಾಮ, 10, 8, 7, 4, ಉಳಿದದ್ದೆಲ್ಲ ಚಿಲ್ಲರೆ. ಅವರು ಮಾತ್ರ ವಲ್ನರಬಲ್. ಆರೇ ಎಲೆಗಳಾದರೂ ಮೂರು ಡೈಮಂಡ್ ಎಂದೆ. ಹಿಂದೆ ಕುಳಿತವರು ಭಾರಿ ಕೈ ಇಟ್ಟುಕೊಂಡು ಡಬಲ್ ಎಂದರು, ಅವರ ಪಾರ್ಟ್ನರ್ ನಾಲ್ಕು ಹಾರ್ಟ್ ಎಂದು ನಿಂತರು. ಹನ್ನೆರಡು ಟ್ರಿಕ್ ಬಂತು, 680. ಇನ್ನೊಂದು ಟೇಬಲಿನಲ್ಲಿ ನನ್ನ ಸ್ಥಾನದವರು ಪಾಸ್ ಮಾಡಿದ್ದರು, ನಮ್ಮ ತಂಡದವರು ಮೆಟ್ಟಿಲು ಮೆಟ್ಟಿಲಾಗಿ ಆರು ಹಾರ್ಟ್‌ಗೆ ಹೋಗಿ 1430 ಮಾಡಿದ್ದರು. 750 ಅಂಕದ ಅಂತರ, 13 ಇಂಪ್. ಯಾರೂ ನನ್ನನ್ನು ದಂಡಿಸಲಿಲ್ಲ, ಒಂದು ಟ್ರಿಕ್ ಕೂಡ ನಾನು ಆಡಲಿಲ್ಲ. ಇಂಥ ಲಾಭಗಳು ಸದ್ದಿಲ್ಲದೆ ಬರುತ್ತವೆ. ಐನೂರು ಕೊಟ್ಟದ್ದು ಎಲ್ಲರಿಗೂ ನೆನಪಿರುತ್ತದೆ, ಎದುರಾಳಿಗಳು ಸ್ಲಾಮ್ (ಆರು ಹಾರ್ಟ್ ಥರದ ಹನ್ನೆರಡು ಟ್ರಿಕ್ ಬಿಡ್) ಬಿಟ್ಟದ್ದು ಬೋರ್ಡ್ ತೆರೆದು ಹೋಲಿಸಿದವರಿಗೆ ಮಾತ್ರ ಕಾಣುತ್ತದೆ.

ಕಾರವಾರದ ತಂಗಿ ಆಡುವುದು ಮ್ಯಾಚ್‌ಪಾಯಿಂಟ್ ರೀತಿಯಲ್ಲಿ. ಅಲ್ಲಿ ನೂರಕ್ಕೆ ಸೋತರೂ ಸಾವಿರಕ್ಕೆ ಸೋತರೂ ಕೊನೆಯ ಸ್ಥಾನ ಒಂದೇ. ಎಷ್ಟು ಸಲ ಗೆದ್ದೆವು ಎಂಬುದಷ್ಟೇ ಲೆಕ್ಕ. ಪ್ರಿಎಂಪ್ಟ್‌ಗೆ ಅದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ.


ಉತ್ತರ: ಶರಾವತಿ ದಡ, ಹೊನ್ನಾವರ

ನಾನು ದೋಣಿ ಇಟ್ಟುಕೊಂಡಿರುವವನು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳು ನಮ್ಮ ಬ್ರಿಜ್ ಋತು. ಬಂದರಿನ ಮೀನು ಹರಾಜಿನಲ್ಲಿ ಒಬ್ಬ ವ್ಯಾಪಾರಿ ಮೊದಲ ಕೂಗನ್ನೇ ಮೇಲಕ್ಕೆ ಎತ್ತಿದರೆ ಉಳಿದವರಿಗೆ ಬುಟ್ಟಿಯೊಳಗೆ ಕೈಹಾಕಿ ನೋಡುವಷ್ಟು ಹೊತ್ತೂ ಸಿಗುವುದಿಲ್ಲ. ಪ್ರಿಎಂಪ್ಟ್ ಎಂದರೆ ನನಗೆ ಅದೇ ಕಾಣುತ್ತದೆ. ಅದಕ್ಕೇ ಈ ಚರ್ಚೆಯಲ್ಲಿ ಯಾರೂ ಹೇಳದ ಪೂರ್ವದವರ ಕಡೆಯಿಂದ ಬರೆಯುತ್ತೇನೆ.

ಎದುರಾಳಿ ಮೂರರ ಮಟ್ಟದಲ್ಲಿ ತೆರೆದಾಗ ನಾವು ಪಾಲಿಸುವ ಕ್ರಮ ಇಷ್ಟು. ಕೂಗದ ಮೂರು ಸೂಟ್‌ಗಳಿಗೂ ಬೆಂಬಲವಿದ್ದು ಓಪನಿಂಗ್‌ಗಿಂತ ಸ್ವಲ್ಪ ಹೆಚ್ಚಿನ ಕೈ ಇದ್ದರೆ ಡಬಲ್. ಅವರ ಸೂಟಿನಲ್ಲಿ ಖಚಿತ ತಡೆ ಇದ್ದು 16ರ ಆಸುಪಾಸು ಪಾಯಿಂಟ್ ಇದ್ದರೆ ನೇರ ಮೂರು ನೋ ಟ್ರಂಪ್. ನಾಲ್ಕು ಹಾರ್ಟ್ ಎಂದರೆ ಒಳ್ಳೆಯ ಸೂಟ್, ಒಳ್ಳೆಯ ಕೈ. ಪ್ರಿಎಂಪ್ಟ್‌ನ ಮೇಲೆ ದುರ್ಬಲ ಕೈಯಲ್ಲಿ ಹಾರುವುದಿಲ್ಲ. ಪ್ರತಿ ಸಲವೂ ಅತ್ಯುತ್ತಮ ಕಾಂಟ್ರಾಕ್ಟ್ ಹುಡುಕುತ್ತೇವೆ ಎಂಬ ಆಸೆ ಬಿಟ್ಟು, ಸಾಕಷ್ಟು ಒಳ್ಳೆಯ ಕಾಂಟ್ರಾಕ್ಟ್ ಸಿಕ್ಕರೆ ಅಲ್ಲಿಯೇ ನಿಲ್ಲುತ್ತೇವೆ. ಈ ಬೋರ್ಡಿನ ಪೂರ್ವದಲ್ಲಿ ನಾನಿದ್ದರೆ ಸ್ಪೇಡ್ ಎಕ್ಕ, 10, 4 ಮತ್ತು 14 ಪಾಯಿಂಟ್ ನೋಡಿ ಪಾರ್ಟ್ನರ ಡಬಲ್ ನಂತರ ಮೂರು ನೋ ಟ್ರಂಪ್ ಎನ್ನುತ್ತಿದ್ದೆ. ನಾವು ವಲ್ನರಬಲ್, ಅವರು ಅಲ್ಲ. ನಮ್ಮ ಗೇಮಿಗೆ ಸಮನಾದ ದಂಡ ಸಿಗಬೇಕಾದರೆ ನಾಲ್ಕು ಟ್ರಿಕ್ ಕಡಿಮೆ ಮಾಡಬೇಕು, ಅದು ಸುಲಭದ ಮಾತಲ್ಲ.

ಮರ್ಯಾದೆಯ ವಿಷಯವೊಂದಿದೆ. ನಿಮ್ಮಲ್ಲಿ ಬಿಡ್ಡಿಂಗ್ ಬಾಕ್ಸ್ ಇಲ್ಲದೆ ಬಾಯಲ್ಲೇ ಹೇಳುತ್ತೀರಾದರೆ, ಮೂರು ಸ್ಪೇಡ್ ಎನ್ನುವ ಮೊದಲು "ಸ್ಟಾಪ್" ಎಂದು ಹೇಳುವ ರೂಢಿ ಮಾಡಿಕೊಳ್ಳಿ. ನಂತರದವರು ಹತ್ತು ಸೆಕೆಂಡ್ ಕಾದು ಉತ್ತರಿಸಲಿ, ಕೈ ಹೇಗೇ ಇರಲಿ. ತಟ್ಟನೆ ಪಾಸ್ ಎಂದರೆ ಕೈ ಖಾಲಿ ಎಂದು, ತಡವರಿಸಿ ಪಾಸ್ ಎಂದರೆ ಏನೋ ಇದೆ ಎಂದು ಪಾರ್ಟ್ನರಿಗೆ ತಿಳಿದುಹೋಗುತ್ತದೆ. ಪೂರ್ವದವರು ಬಹಳ ಹೊತ್ತು ಯೋಚಿಸಿದ್ದು ಈ ಸಲ ಕೊನೆಯ ಪಾಸ್‌ಗೆ ಹತ್ತಿರವಿದ್ದುದರಿಂದ ಕೇಡಾಗಲಿಲ್ಲ, ಪಶ್ಚಿಮದವರು ಹಾಗೆ ತಡೆದು ಪಾಸ್ ಮಾಡಿದ್ದರೆ ಜಗಳವೇ ಆಗುತ್ತಿತ್ತು. ನಿಮ್ಮ ಎರಡರ ಓಪನಿಂಗ್ ದುರ್ಬಲ ಕೈಯೋ ಬಲವಾದ ಕೈಯೋ ಎಂಬುದನ್ನು ಆಟಕ್ಕೆ ಮೊದಲೇ ಎದುರಾಳಿಗಳಿಗೆ ತಿಳಿಸಬೇಕು. ಜೋಡಿಯೊಳಗಿನ ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ.


ಮರುಮಾತು: ಕೋಡಿಬಾಗ, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ಶಿರಸಿಯ ಅಣ್ಣ ಬರೆದ ಮೂರು ನೋ ಟ್ರಂಪ್ ಲೆಕ್ಕವನ್ನು ಕಾಕಾ ಅವರಿಗೆ ಓದಿ ಹೇಳಿದೆ. ಅವರು ಎಲೆಗಳನ್ನು ಮೇಜಿನ ಮೇಲೆ ಹರಡಿ, ತಾವೇ ಪೂರ್ವದವರಾಗಿ ಆಡಿ ನೋಡಿ, "ಒಂಬತ್ತು ಬರುತ್ತದೆ" ಎಂದರು. ಕುಮಟಾದವರ ಮಾತು ಅವರಿಗೆ ಬಹಳ ಹಿಡಿಸಿತು. ನನಗೂ ಅದು ನಾಟಿತು.

ಹೀಗಾಗಿ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇವೆ. ಎರಡು ಡೈಮಂಡ್, ಎರಡು ಹಾರ್ಟ್, ಎರಡು ಸ್ಪೇಡ್ ಇನ್ನು ಮುಂದೆ ದುರ್ಬಲ ಕೈ: ಆರು ಎಲೆ, 6ರಿಂದ 10 ಪಾಯಿಂಟ್. ಬಲವಾದ ಕೈಗಳೆಲ್ಲ ಎರಡು ಕ್ಲಬ್‌ನಿಂದ. ಮೂರರ ಓಪನಿಂಗ್‌ಗೆ ಎರಡು-ಮೂರರ ನಿಯಮ, ವಲ್ನರಬಲ್ ಆಗಿದ್ದಾಗ ಅದರಿಂದ ಕದಲುವಂತಿಲ್ಲ. ದುರ್ಬಲ ಎರಡಕ್ಕೆ ಪಾರ್ಟ್ನರ್ ಎರಡು ನೋ ಟ್ರಂಪ್ ಎಂದರೆ ಓಗಸ್ಟ್ ಉತ್ತರಗಳು. ಮೂರು ಕ್ಲಬ್ ಎಂದರೆ ಕೈಯೂ ಸೂಟೂ ಸಾಧಾರಣ. ಮೂರು ಡೈಮಂಡ್ ಎಂದರೆ ಕೈ ಸಾಧಾರಣ, ಸೂಟ್ ಒಳ್ಳೆಯದು. ಮೂರು ಹಾರ್ಟ್ ಎಂದರೆ ಕೈ ಒಳ್ಳೆಯದು, ಸೂಟ್ ಸಾಧಾರಣ. ಮೂರು ಸ್ಪೇಡ್ ಎಂದರೆ ಎರಡೂ ಒಳ್ಳೆಯವು. ಕಾಕಾ ಅವರಿಗೆ ಇದು ಇಷ್ಟವಾದದ್ದು ನನಗೆ ಆಶ್ಚರ್ಯ. ಕೂಗಿದ ಮೇಲೂ ಕೇಳಿ ತಿಳಿದುಕೊಳ್ಳಬಹುದು ಎಂದ ಮೇಲೆ ಅವರ ಅರ್ಧ ಆತಂಕ ಹೋಯಿತು.

ಹಾಳೆ ಬರೆಯುವಾಗ ಒಂದು ಕೈಯಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಸ್ಪೇಡ್ ಎಕ್ಕ, ಗುಲಾಮ, 9, 8, 6, 4, ಹಾರ್ಟ್ ರಾಜ, 10, 7, 3, ಡೈಮಂಡ್ 5, ಕ್ಲಬ್ 8, 2. ಎರಡೂ ಕಡೆ ವಲ್ನರಬಲ್, ನಾನು ಎರಡನೇ ಸೀಟಿನಲ್ಲಿ, ಮೊದಲನೆಯವರು ಪಾಸ್. ನಾನು ಎರಡು ಸ್ಪೇಡ್ ಎನ್ನುತ್ತೇನೆ, ಕಾಕಾ ಪಾಸ್ ಎನ್ನುತ್ತಾರೆ.


ಉತ್ತರ: ಬನವಾಸಿ ರಸ್ತೆ, ಶಿರಸಿ

ಈ ಸಲ ಕಾಕಾ ಅವರದೇ ಸರಿ ಎನ್ನುತ್ತೇನೆ. ಎಂಟು ಪಾಯಿಂಟ್, ಆರು ಸ್ಪೇಡ್, ಮೇಲ್ನೋಟಕ್ಕೆ ಎಲ್ಲವೂ ನಿಮ್ಮ ಹಾಳೆಯ ಪ್ರಕಾರವೇ ಇದೆ. ಆದರೆ ಪಕ್ಕದಲ್ಲಿ ಹಾರ್ಟ್ ರಾಜನ ಜೊತೆ ನಾಲ್ಕು ಎಲೆಗಳಿವೆ. ಕಾಕಾ ಅವರಲ್ಲಿ ಒಂದು ಸ್ಪೇಡ್, ಐದು ಹಾರ್ಟ್, 13 ಪಾಯಿಂಟ್ ಇದ್ದರೆ ನಿಮ್ಮ ನಾಲ್ಕು ಹಾರ್ಟ್ ಗೇಮ್ ಅಲ್ಲಿಗೇ ಹೂತುಹೋಗುತ್ತದೆ. ಎರಡು ಸ್ಪೇಡ್ ಕೇಳಿದ ಮೇಲೆ ಅವರು ಹಾರ್ಟ್ ಹುಡುಕುವುದೇ ಇಲ್ಲ. ಹೊರಗೆ ರಾಜ, ಸೂಟಿನಲ್ಲಿ ಎಕ್ಕ ಇರುವುದರಿಂದ ಎದುರಾಳಿಗಳ ಆಟ ತಡೆಯುವ ಶಕ್ತಿಯೂ ಈ ಕೈಗಿದೆ. ಒಬ್ಬ ಎದುರಾಳಿ ಪಾಸ್ ಮಾಡಿಯಾಗಿದೆ, ನೀವು ಕಟ್ಟುವ ದಾರಿ ಪಾರ್ಟ್ನರದೇ ಆಗುವ ಸಂಭವ ಎದುರಾಳಿಯದ್ದಕ್ಕೆ ಸಮ. ಸುಮ್ಮನಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ, ಮುಂದಿನ ಸುತ್ತಿನಲ್ಲಿ ಎರಡೂ ಸೂಟ್ ತೋರಿಸಲು ಅವಕಾಶ ಬರುತ್ತದೆ.

ಇದೇ ಕೈ ಮೂರನೇ ಸೀಟಿನಲ್ಲಿ, ಕಾಕಾ ಅವರ ಪಾಸ್ ನಂತರ ಬಂದರೆ, ವಲ್ನರಬಲ್ ಆಗಿದ್ದರೂ ಎರಡು ಸ್ಪೇಡ್ ಕೂಗಿ. ಆ ಸಾಲನ್ನೂ ಹಾಳೆಗೆ ಸೇರಿಸಿ.